ಚಾಕೋಚೇಟನ ಪೈಪಿಗೆ ಮೇಣ

ಪಾಲಿಶ್ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುದು ಇಷ್ಟೇ: ಮರಕ್ಕೆ ಅವಸರ ಇಲ್ಲ, ಅವಸರ ಇರುದು ಮರದ ಧನಿಗೆ. ಧನಿ ಹಿಂದೆ ನಿಂತು ಪಿರಿಪಿರಿ ಮಾಡ್ತಾನೆ, ನಾಡಿದ್ದು ಮದುವೆ, ನಾಳೆ ಮನೆ ಒಕ್ಕಲು ಅಂತ. ನೀವು ಹೂಂ ಹೂಂ ಅನ್ನಿ, ಕೈ ಮಾತ್ರ ಅದರ ಪಾಡಿಗೆ ಹೋಗಲಿ. ಈಗ ಪಾಲಿಶ್ ಚಿಮ್ಮಿಸುವ ಗನ್ ಬಂದಿದೆ, ಬೆಳಿಗ್ಗೆ ಹೊಡೆದರೆ ಮಧ್ಯಾಹ್ನಕ್ಕೆ ಬಾಗಿಲಲ್ಲಿ ಮುಖ ನೋಡಬಹುದು. ಒಳ್ಳೆದೇ. ಬೇಡ ಅನ್ನಲು ನಾನು ಯಾರು? ಆದರೆ ಗನ್ ಹಿಡಿದವನಿಗೆ ಮರ ಮುಟ್ಟಲು ಸಿಕ್ಕುದಿಲ್ಲ. ಮುಟ್ಟದೆ ಈ ಕೆಲಸದಲ್ಲಿ ಎಂತ ರುಚಿ ಉಂಟು ಅಂತ ನನಗೆ ಗೊತ್ತಾಗುದಿಲ್ಲ.

ನನ್ನ ಹೆಸರು ಮಹಮ್ಮದ್. ಆ ಹೆಸರು ಹಿಡಿದು ಸವಣೂರಿನಲ್ಲಿ ಹುಡುಕಿದರೆ ಪೇಟೆ ತುಂಬ ಜನ ಸಿಕ್ತಾರೆ, ನಾನು ಸಿಕ್ಕುದಿಲ್ಲ. ಪಾಲಿಶ್ ಮೋನು ಅಂದ್ರೆ ಬಸ್ಸಿನವನೇ ನಮ್ಮ ಗೇಟಿನ ಹತ್ತಿರ ಇಳಿಸ್ತಾನೆ. ಮೊದಲು ಪುತ್ತೂರಿನ ಒಂದು ಪೀಠೋಪಕರಣದ ಅಂಗಡಿಯಲ್ಲಿದ್ದೆ. ಆಮೇಲೆ ಸ್ವಂತ ಕೆಲಸ. ಅರಂತೋಡಿನಿಂದ ಕೊಲ್ಲಮೊಗ್ರಿನ ಕಾಡಂಚಿನವರೆಗೆ ಮನೆ ಮನೆಗೆ ಹೋಗಿ, ಕೆಲಸ ಮುಗಿಯುವವರೆಗೆ ಅಲ್ಲೇ ಉಂಡು ಮಲಗಿ, ಬಾಗಿಲು, ಮಂಚ, ತೊಟ್ಟಿಲು ಎಲ್ಲ ಉಜ್ಜಿದವ. ಎಲ್ಲ ಜಾತಿಯವರ ಸಾರಿನ ರುಚಿ ನನ್ನ ನಾಲಿಗೆಗೆ ಗೊತ್ತುಂಟು. ಸ್ಪಿರಿಟಿನ ಗಾಳಿ ಕುಡಿದು ಕುಡಿದು ಎದೆಯಲ್ಲಿ ಕಫ ಕಟ್ಟಿತು, ಡಾಕ್ಟರು ಸಾಕು ಅಂದರು, ಬಿಟ್ಟೆ.

ಕಲಿಸಿದವರು ಗುರುವಪ್ಪ ಮೇಸ್ತ್ರಿ. ಮಾತು ಕಡಿಮೆ, ಕಣ್ಣು ದೊಡ್ಡದು. ಹಳೇ ಬನಿಯನಿನ ಒಳಗೆ ಹತ್ತಿ ಇಟ್ಟು ಉಂಡೆ ಕಟ್ಟುದು, ಸ್ಪಿರಿಟಿನಲ್ಲಿ ಕರಗಿಸಿದ ಅರಗಿನಲ್ಲಿ ಅದ್ದಿ ಮರದ ಮೇಲೆ ನಿಲ್ಲಿಸದೆ ಓಡಿಸುದು. ನಿಲ್ಲಿಸಿದಿರೋ, ಅಲ್ಲೇ ಅಂಟಿ ಕಲೆ. ಆ ಉಂಡೆ ಕಟ್ಟಲು ಕಲಿಸಿದ್ದೇ ಒಂದು ಮಳೆಗಾಲ. ನನ್ನ ಉಂಡೆಯನ್ನು ಕೈಯಲ್ಲಿ ಹಿಡಿದು ನೋಡಿ, ಇದನ್ನು ಕೋಳಿಗೆ ಹಾಕು, ತಿಂದರೆ ತಿನ್ನಲಿ ಅಂತ ತುಳುವಿನಲ್ಲಿ ಹೇಳಿ ಎಸೆಯುತ್ತಿದ್ದರು. ಅವರ ಒಂದು ಕಟ್ಟಳೆ ಉಂಟು: ಕೆಲಸ ಮುಗಿದ ಸಾಮಾನು ನಮ್ಮ ಮನೆಯಲ್ಲಿ ಮಲಗಬಾರದು. ಮುಗಿಯಿತಾ, ಧನಿಯ ಕೈಗೆ. ಇಟ್ಟುಕೊಂಡರೆ ಒಂದೋ ಪೆಟ್ಟಾಗ್ತದೆ, ಇಲ್ಲ ಆಸೆಯಾಗ್ತದೆ ಅನ್ನುತ್ತಿದ್ದರು.

ಇನ್ನೊಂದು ಅವರು ಹೇಳುದು, ಮಳೆಗಾಲದ ಹೊಸ್ತಿಲಿನ ಪತ್ತನಾಜೆ ಕಳೆದ ಮೇಲೆ ಸ್ಪಿರಿಟ್ ಪಾಲಿಶ್ ಮುಟ್ಟಬೇಡ ಅಂತ. ಮಳೆ ಹಿಡಿದರೆ ಗಾಳಿಯ ನೀರೆಲ್ಲ ಪಾಲಿಶಿನ ಒಳಗೆ ಸೇರ್ತದೆ, ಮರ ಬೂದಿ ಬಳಿದ ಹಾಗೆ ಬಿಳಿಚಿಕೊಳ್ತದೆ. ಅಂಗಡಿಯ ಧನಿಗೆ ಈ ಮಾತು ಕಿವಿಗೆ ಹೋಗಲಿಲ್ಲ. ಒಮ್ಮೆ ಆಟಿ ತಿಂಗಳ ಜಡಿಮಳೆಯಲ್ಲಿ ಸುಳ್ಯ ಕಡೆಯ ಒಂದು ಮದುಮಗಳ ಮಂಚ ಬಂತು. ಮೇಸ್ತ್ರಿ ಆಗುದಿಲ್ಲ ಅಂದರು, ಧನಿ ಆಗಲೇಬೇಕು ಅಂದರು. ಮೇಸ್ತ್ರಿ ಕೊಡೆ ಹಿಡಿದು ಮನೆಗೆ ಹೋದರು. ಧನಿ ಸ್ವತಃ ಅಂಗಿ ಬಿಚ್ಚಿ ಕೂತು ಉಜ್ಜಿದರು. ಮರುದಿನ ನೋಡಿದರೆ ಇಡೀ ಮಂಚಕ್ಕೆ ಗಂಧ ಹಚ್ಚಿದ ಹಾಗೆ ಆಗಿತ್ತು. ಹೆಣ್ಣಿನ ಕಡೆಯವರ ಬೊಬ್ಬೆ ಮಾರ್ಕೆಟಿನವರೆಗೆ ಕೇಳಿತು. ಮೇಸ್ತ್ರಿ ಬಂದು ಮಂಚವನ್ನು ಒಂದು ಸುತ್ತು ನೋಡಿ, ಚೆಂದ ಆಗಿದೆ, ಪೂಜೆಗೆ ಇಡಬಹುದು ಅಂದರು. ಧನಿ ಆ ಮೇಲೆ ಆಟಿಯಲ್ಲಿ ಪಾಲಿಶಿನ ಸುದ್ದಿ ಎತ್ತಲಿಲ್ಲ.

ಇನ್ನು ಚಾಕೋಚೇಟನ ಸುದ್ದಿಗೆ ಬರ್ತೇನೆ. ನಿಜ ಹೇಳುದಾದರೆ ಬರೆಯಲು ಕೂತದ್ದೇ ಅದಕ್ಕೆ.

ಹೆಸರು ಚಾಕೋ, ಚೇಟ ಅಂದ್ರೆ ಮಲೆಯಾಳದಲ್ಲಿ ಅಣ್ಣ. ಕಡಬದಿಂದ ನೆಲ್ಯಾಡಿ ಕಡೆ ಹೋಗುವಲ್ಲಿ ಅವರ ರಬ್ಬರ್ ತೋಟ. ಅಪ್ಪನ ಸೊಂಟ ಹಿಡಿದುಕೊಂಡು ಕೇರಳದಿಂದ ಬಂದವರು, ಈಗ ತುಳು ಮಾತಾಡಿದರೆ ಯಾರಿಗೂ ಗುರುತು ಸಿಕ್ಕುದಿಲ್ಲ. ಹೊಸ ಮನೆ ಕಟ್ಟಿದಾಗ ಮರದ ಪಾಲಿಶಿಗೆ ನನ್ನನ್ನು ಕರೆದರು. ಅವರು ಮಲೆಯಾಳ, ನಾನು ಬ್ಯಾರಿ ಭಾಷೆ, ಎರಡೂ ಅರ್ಧ ದಾರಿಯಲ್ಲಿ ಸೇರುತ್ತಿದ್ದವು. ಇಲ್ಲಿ ಕನ್ನಡದಲ್ಲಿ ಬರೆದದ್ದು ನಿಮಗಾಗಿ.

ಅವರ ಬಾಯಲ್ಲಿ ಯಾವಾಗಲೂ ಒಂದು ಪೈಪು. ಅವರ ಅಪ್ಪ ಕೆಲಸಕ್ಕಿದ್ದ ಎಸ್ಟೇಟಿನ ದೊಡ್ಡ ಮ್ಯಾನೇಜರು ಊರು ಬಿಡುವಾಗ ಕೊಟ್ಟದ್ದಂತೆ. ಹೊರದೇಶದ ಯಾವುದೋ ಗಿಡದ ಬೇರಿನ ಮರ, ಒಳಗೆ ಬೆಂಕಿ ಇದ್ದರೂ ಹೊರಗೆ ಕೈಗೆ ಹದವಾದ ಬಿಸಿ. ಬಾಯಿಗೆ ಇಡುವ ಕರಿ ಕೊಳವೆ ಗಟ್ಟಿ ರಬ್ಬರು. "ನೋಡು, ನನ್ನ ಬಾಯಲ್ಲೂ ರಬ್ಬರೇ" ಅಂತ ಕುಶಾಲು ಮಾಡುತ್ತಿದ್ದರು.

ಮನೆ ಕೆಲಸ ಮುಗಿಯುವ ದಿನ, ಇದನ್ನೂ ಒಂದು ಹೊಳೆಯುವ ಹಾಗೆ ಮಾಡು ಅಂತ ಪೈಪು ಕೊಟ್ಟರು. ಅದೆಂತ ದೊಡ್ಡದು, ಬಾಗಿಲಿಗೆ ಹಚ್ಚಿದ್ದನ್ನೇ ಹಚ್ಚಿದೆ. ಕನ್ನಡಿ ಹಾಗೆ ಆಯ್ತು. ಸಂಜೆ ಚೇಟ ಹೊಗೆಸೊಪ್ಪು ತುಂಬಿ ಕಡ್ಡಿ ಗೀರಿದರು. ಪಾಲಿಶ್ ಗುಳ್ಳೆ ಗುಳ್ಳೆ ಎದ್ದಿತು, ಅಂಗಡಿಯ ಬೆಂಚು ಸುಟ್ಟ ಹಾಗೆ ನಾತ, ಹಿಡಿದ ಬೆರಳು ಮರಕ್ಕೆ ಅಂಟಿತು. ಚೇಟ ಬೈದ ಮಲೆಯಾಳ ಬರೆಯುವಂಥದ್ದಲ್ಲ. ಒಳಗಿಂದ ಅವರ ಹೆಂಡತಿ ಏಲಿಚೇಚಿ ಓಡಿ ಬಂದು, ಗಂಡನ ಬೆರಳು ನೋಡಿ, ಸೆರಗು ಬಾಯಿಗೆ ಇಟ್ಟು ನಗಾಡಿದರು. ಅವರಿಗೆ ಆ ಪೈಪು ಕಂಡರೆ ಆಗಲೂ ಆಗುತ್ತಿರಲಿಲ್ಲ.

ಬೆಂಕಿ ಹಾಕುವ ಮರಕ್ಕೆ ಅರಗು ಆಗುದಿಲ್ಲ, ಮೇಣವೇ ಬೇಕು ಅಂತ ಅಂದು ಕಲಿತೆ. ಅಲ್ಲಿ ಮೇಣಕ್ಕೆ ಬಂಙ, ಅಂದ್ರೆ ಕಷ್ಟ, ಇಲ್ಲ. ಚೇಟನಿಗೆ ಜೇನಿನ ಹುಚ್ಚು, ರಬ್ಬರಿನ ಎಡೆಯಲ್ಲೆಲ್ಲ ಪೆಟ್ಟಿಗೆ ಇಟ್ಟಿದ್ದರು. ರಬ್ಬರ್ ಚಿಗುರುವಾಗ ಜೇನು ತೆಗೆದು, ಮೇಣ ಕಾಯಿಸಿ ಸೋಸಿ ತೆಂಗಿನ ಚಿಪ್ಪಿನಲ್ಲಿ ಹೊಯ್ದಿಡುತ್ತಿದ್ದರು. ಅಲ್ಲಿಂದ ವರ್ಷಕ್ಕೊಮ್ಮೆ, ಜೇನು ತೆಗೆದಾದ ಮೇಲೆ, ಅವರ ಜಗಲಿಯಲ್ಲಿ ಪೈಪಿನ ಕೆಲಸ ಅಂತ ಒಂದು ಕ್ರಮವೇ ಆಯ್ತು.

ಕ್ರಮ ಹೇಳ್ತೇನೆ, ಬೇಕಾದವರು ಮನೆಯಲ್ಲೇ ಮಾಡಬಹುದು. ಕೊಳವೆ ಬಿಡಿಸಿ, ಒಳಗಿನ ತೂತಿಗೆ ಹತ್ತಿ ತುರುಕಬೇಕು, ನೀರು ಇಳಿಯಬಾರದು. ಹಳೇ ಮೇಣವನ್ನು ಸ್ಪಿರಿಟಿನ ಬಟ್ಟೆಯಿಂದ ಪೂರ್ತಿ ತೆಗೆಯಬೇಕು, ಇಲ್ಲದಿದ್ದರೆ ಬಣ್ಣ ಹಿಡಿಯುದಿಲ್ಲ. ಬಣ್ಣಕ್ಕೆ ನಾನು ಅಂಗಡಿಯ ಪುಡಿ ತರಲಿಲ್ಲ. ಬಾಯಿಗೆ ಇಡುವ ಸಾಮಾನು, ವಿಷ ಬೇಡ. ವೀಳ್ಯದ ತಟ್ಟೆಯ ಕಾಚನ್ನು ಬಿಸಿನೀರಿನಲ್ಲಿ ಕರಗಿಸಿ ಹಚ್ಚುದು, ಒಣಗಿದ ಮೇಲೆ ಸುಣ್ಣದ ತಿಳಿನೀರಿನಲ್ಲಿ ಬಟ್ಟೆ ಅದ್ದಿ ಒಂದು ಸಲ ಒರೆಸುದು. ನೋಡ್ತಾ ಇರುವ ಹಾಗೆ ಮರ ಎಲೆ ಜಗಿದ ಬಾಯಿಯಂತೆ ಕೆಂಪಾಗ್ತದೆ. ಒಂದು ದಿನ ಒಣಗಲಿ. ಆಮೇಲೆ ಮರವನ್ನು ಕೆಂಡದ ಮೇಲೆ ದೂರದಿಂದ ಬೆಚ್ಚಗೆ ಮಾಡಿ ಮೇಣ ತಿಕ್ಕಿ, ತಣಿದ ಮೇಲೆ ಹಳೇ ಮುಂಡಿನ ಬಟ್ಟೆಯಿಂದ ಉಜ್ಜುದು. ಹಳದಿ ತಿರುಗಿದ ಕೊಳವೆಗೆ ಹಲ್ಲುಜ್ಜುವ ಪೇಸ್ಟು ಸಾಕು. ಚೇಟ ಎದುರು ಕೂತು, ಸಣ್ಣ ಮಕ್ಕಳ ತಲೆ ಬೋಳಿಸುವಾಗ ತಂದೆ ನೋಡುವ ಹಾಗೆ ನೋಡುತ್ತಿದ್ದರು.

ಹೀಗೆ ಎಷ್ಟೋ ವರ್ಷ ನಡೆಯಿತು. ಮತ್ತೆ ಚೇಟನಿಗೆ ಹೃದಯದ ತೊಂದರೆ ಬಂತು. ಮಂಗಳೂರಿಗೆ ಕೊಂಡುಹೋಗಿ ಸ್ಟೆಂಟ್ ಹಾಕಿಸಿದರು. ಇನ್ನು ಹೊಗೆ ಎಳೆದರೆ ನಮ್ಮ ಹತ್ತಿರ ಬರಬೇಡಿ ಅಂತ ಅಲ್ಲಿನ ಡಾಕ್ಟರು ಖಡಾಖಂಡಿತ ಹೇಳಿದರು. ಚೇಟ ಹೂಂ ಅಂದರು. ಮನೆಗೆ ಬಂದ ಮೇಲೆ ಪೈಪನ್ನು ಕಪಾಟಿನಲ್ಲಿಟ್ಟ ಹಾಗೆ ಮಾಡಿ, ರಬ್ಬರ್ ಶೀಟ್ ಒಣಗಿಸುವ ಹೊಗೆಮನೆಗೆ ಹೋಗಿ ಸೇದಲು ಶುರು ಮಾಡಿದರು. ಎಂಥ ಬುದ್ಧಿ ನೋಡಿ. ಹೊಗೆಮನೆಯಿಂದ ಬಂದವನ ಅಂಗಿಯಲ್ಲಿ ಹೊಗೆಯ ವಾಸನೆ ಬಂದರೆ ಯಾರು ಕೇಳ್ತಾರೆ? ಚೇಚಿ ಒಂದು ದಿನ ಶೀಟ್ ಮಗುಚಲು ಹೋದಾಗ, ಹೊಗೆಯ ಒಳಗೆ ಇನ್ನೊಂದು ಸಣ್ಣ ಹೊಗೆ ಕಂಡಿತು. ಆ ದಿನ ಇಬ್ಬರೂ ಊಟ ಮಾಡಲಿಲ್ಲ.

ಮಳೆ ಹಿಡಿಯುವ ಸಮಯ ಚೇಚಿ ನಮ್ಮ ಮನೆಗೆ ಬಂದರು. ಪುತ್ತೂರಿಗೆ ಮದ್ದು ತರಲು ಹೊರಟವರ ಹತ್ತಿರ ಚೇಟ, ಹೋಗುವಾಗ ಮೋನುವಿಗೆ ಕೊಟ್ಟು ಹೋಗು, ಈ ವರ್ಷ ಆಸ್ಪತ್ರೆಯ ಗಡಿಬಿಡಿಯಲ್ಲಿ ಮೇಣ ಹಚ್ಚುದು ಆಗಲಿಲ್ಲ, ನೋಡಲಿಕ್ಕೆ ಮಾತ್ರ ಇಟ್ಟುಕೊಳ್ತೇನೆ ಅಂತ ಪೈಪು ಕೊಟ್ಟಿದ್ದರು. ಚೇಚಿ ಅದನ್ನು ಕರವಸ್ತ್ರದಿಂದ ಬಿಡಿಸಿ ಮೇಜಿನ ಮೇಲಿಟ್ಟರು. ನನ್ನ ಹೆಂಡತಿ ಕೊಟ್ಟ ಚಾಯ ಮುಟ್ಟಲಿಲ್ಲ. ನನ್ನನ್ನು ಅವರು ಕರೆಯುದು ಮೋನುಕ್ಕ ಅಂತ, ಇಕ್ಕ ಅಂದ್ರೆ ಅಣ್ಣ.

"ಮೋನುಕ್ಕಾ, ಇದನ್ನು ಕೊಡಬೇಡಿ. ಎಂತ ಬೇಕಾದರೂ ಹೇಳಿ, ಕೊಡಬೇಡಿ" ಅಂದರು. "ನಾನು ಎಸೆದರೆ ಅವರು ಇನ್ನೊಂದು ತರ್ತಾರೆ, ನನ್ನ ಮೇಲಿನ ಹಠಕ್ಕೆ ಎರಡು ಸೇದ್ತಾರೆ. ನನಗೆ ಅವರು ಬೇಕು ಮೋನುಕ್ಕಾ."

ನಾನು ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆ ಆದೆ. ಧನಿಯ ಸಾಮಾನು ಹಿಡಿದಿಟ್ಟುಕೊಳ್ಳುದು ನನ್ನ ಜನ್ಮದಲ್ಲಿ ಮಾಡಿದವನಲ್ಲ. ಆದರೆ ಆ ಹೆಂಗಸಿನ ಮುಖ ನೋಡಿ ಇಲ್ಲ ಅನ್ನಲು ನಾಲಿಗೆ ಏಳಲಿಲ್ಲ. ಇರಲಿ ಚೇಚಿ, ನೋಡುವ ಅಂದೆ. ನೋಡುವ ಅಂದ್ರೆ ನಮ್ಮೂರಿನಲ್ಲಿ ಆಯ್ತು ಅಂತಲೇ ಅರ್ಥ.

ಶುಕ್ರವಾರ ಜುಮಾ ಮುಗಿಸಿ ಬರುವಾಗ ಚೇಟನ ಫೋನು. ಎಂತ ಆಯ್ತು ಮೋನು ಅಂತ. ಬಾಯಿಗೆ ಬಂದದ್ದು ಹೇಳಿದೆ: ಮಳೆ ಚೇಟ, ಈಗ ಹಚ್ಚಿದರೆ ಬಿಳಿ ಬರ್ತದೆ, ಬಿಸಿಲು ಬರಲಿ. ಹೌದಾ, ಹಾಗಾದರೆ ಆಗಲಿ ಅಂದರು ಚೇಟ. ಫೋನು ಇಟ್ಟ ಮೇಲೆ ನನ್ನ ಹಣೆಗೆ ನಾನೇ ಹೊಡೆದುಕೊಂಡೆ. ಬಿಳಿ ಬರುದು ಸ್ಪಿರಿಟ್ ಪಾಲಿಶಿಗೆ. ಮೇಣಕ್ಕೆ ಮಳೆಯೂ ಒಂದೇ ಬಿಸಿಲೂ ಒಂದೇ. ಇದು ಗೊತ್ತಿಲ್ಲದವನಿಗೆ ಹೇಳಿದ್ದರೆ ನಡೆಯುತ್ತಿತ್ತು. ಜನ್ಮ ಇಡೀ ಜೇನು ಸಾಕಿ ಮೇಣ ಸೋಸಿದವನಿಗೆ ಹೋಗಿ ಹೇಳಿದೆನಲ್ಲ! ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ ಆಯ್ತು.

ಆದರೆ ಚೇಟ ತಪ್ಪು ಹಿಡಿಯಲಿಲ್ಲ. ಮುಂದಿನ ಶುಕ್ರವಾರ ಮತ್ತೆ ಫೋನು. ಮತ್ತೆ ಮಳೆ ಅಂದೆ. ಕೆಲವು ವಾರ ಎರಡೆರಡು ಸಲ. ಒಂದು ದಿನ ಒಳ್ಳೆ ಬಿಸಿಲು ಬಿದ್ದಿತ್ತು. ಆ ದಿನವೂ, ಇಲ್ಲಿ ಸವಣೂರಿನಲ್ಲಿ ಜೋರು ಮಳೆ ಅಂದೆ. ಅಂಗಳದಲ್ಲಿ ಭತ್ತ ಒಣಗಿಸುತ್ತಿದ್ದ ನನ್ನ ಹೆಂಡತಿ, ಹಾಗಾದರೆ ನಾನು ಭತ್ತ ಒಳಗೆ ತರುದಾ ಅಂತ ಕೇಳಿದಳು. ಅವಳ ಮೇಲೆ ಸುಮ್ಮನೆ ಸಿಟ್ಟು ಮಾಡಿದೆ. ಚಿಂತೆಯಲ್ಲಿ ಮಂಡೆಬೆಚ್ಚ ಆಗಿತ್ತು ನನಗೆ. ಪೈಪು ಮೇಜಿನ ಖಾನೆಯಲ್ಲಿತ್ತು, ನಾನು ಆ ಖಾನೆಗೆ ಕೈ ಹಾಕುದೇ ಬಿಟ್ಟಿದ್ದೆ.

ಮಳೆ ಇಳಿಯುವ ಸೋಣ ತಿಂಗಳಲ್ಲಿ ಚೇಟನೇ ಬಂದರು. ಬಸ್ಸಿಳಿದು ಕೊಡೆ ಮಡಚಿ ಜಗಲಿಯಲ್ಲಿ ಕೂತರು. ಸೊರಗಿದ್ದರು, ಆದರೆ ಮುಖದಲ್ಲಿ ರಕ್ತ ಇತ್ತು. ಚೀಲದಿಂದ ಚಿಪ್ಪಿನಲ್ಲಿ ಹೊಯ್ದ ಮೇಣ ತೆಗೆದು ನನ್ನ ಕೈಗೆ ಕೊಟ್ಟರು.

"ಮೋನು, ಮೇಣಕ್ಕೆ ಮಳೆ ಎಂತ ಮಾಡ್ತದೆ?"

ನಾನು ಕಂಬಕ್ಕೆ ಒರಗಿ ನಿಂತೆ. ಏಲಿಚೇಚಿ ಬಂದದ್ದು, ಹೇಳಿದ್ದು ಎಲ್ಲ ಹೇಳಿದೆ. ಅವರು ಸಿಟ್ಟು ಮಾಡಲಿಲ್ಲ. ಮೊದಲ ದಿನವೇ ಗೊತ್ತಾಯ್ತು ಮಾರಾಯ ಅಂದರು. ಹಾಗಾದರೆ ವಾರ ವಾರ ಫೋನು ಮಾಡಿದ್ದು ಎಂತಕ್ಕೆ ಅಂತ ಕೇಳಿದೆ.

"ಸೇದಬೇಕು ಅಂತ ತಡೆಯಲಿಕ್ಕೆ ಆಗದೆ ಇದ್ದಾಗ ನಿನಗೆ ಫೋನು ಮಾಡುದು. ಏಲಿ ಬೇಡ ಅಂದ್ರೆ ನನಗೆ ಹಠ ಬರ್ತದೆ. ನೀನು ಮಳೆ ಅಂದ್ರೆ ಎಂತ ಮಾಡುದು, ಮಳೆಯ ಹತ್ತಿರ ಜಗಳ ಮಾಡ್ಲಿಕ್ಕೆ ಆಗ್ತದಾ? ಇನ್ನೊಂದು ವಾರ ದಾಟುತ್ತಿತ್ತು."

ಅಷ್ಟು ದಿನ ನನ್ನ ಸುಳ್ಳು ಆ ಮನುಷ್ಯನಿಗೆ ಊರುಗೋಲಾಗಿತ್ತು, ನಾನೋ ಇಲ್ಲಿ ಕಳ್ಳನ ಹಾಗೆ ಬೇಯುತ್ತಿದ್ದೆ. ಅವರೇ ಮುಂದುವರಿಸಿದರು. ಮಳೆ ನಿಂತರೆ ನೀನು ಎಂತ ಹೇಳ್ತಿ? ಅದಕ್ಕೇ ಬಂದೆ. ಇವತ್ತೇ ಕೆಲಸ ಶುರು ಮಾಡು. ಬೀಗ ಹಾಕಿದ ಪೈಪನ್ನು ಬಿಟ್ಟದ್ದು ಬಿಟ್ಟ ಲೆಕ್ಕ ಅಲ್ಲ, ಬಾಯಲ್ಲಿ ಇಟ್ಟುಕೊಂಡು ಬಿಡಬೇಕು ಅಂದರು.

ಕೊಡುದಾ ಬೇಡವಾ ಅಂತ ಮನಸ್ಸು ಓಲಾಡಿತು. ಸೇದಿದರೆ ಸತ್ತಾರು, ಪಾಪ ನನ್ನ ತಲೆಗೆ. ಆದರೆ ಸಾಮಾನು ಅವರದು, ಎದೆಯೂ ಅವರದು. ಪೈಪು ತೆಗೆದು ಕೂತೆ. ಆ ದಿನ ಅವರು ನಮ್ಮಲ್ಲೇ ಉಳಿದರು. ಕಾಚು, ಸುಣ್ಣ, ಮರುದಿನ ಮೇಣ, ಎಲ್ಲ ಕ್ರಮಪ್ರಕಾರ. ಹೊಗೆಸೊಪ್ಪು ತುಂಬುವ ಬಾಯಿಯ ಅಂಚಿಗೆ ಬೆರಳಿನಲ್ಲೇ ದಪ್ಪಕ್ಕೆ ಮೇಣ ತೀಡಿದೆ. ನನ್ನ ಕೈಯಲ್ಲಿ ಆದ ಒಳ್ಳೆ ಕೆಲಸಗಳಲ್ಲಿ ಅದೊಂದು. ಬಸ್ಸು ಹತ್ತಿಸಿ ಬಂದ ಮೇಲೆ ಚೇಚಿಗೆ ಫೋನು ಮಾಡಿ, ಕೊಟ್ಟೆ ಅಂದೆ. ಅವರು ಅಲ್ಲಿಗೇ ಫೋನು ಇಟ್ಟರು.

ಆ ವರ್ಷವೇ ನನ್ನ ಎದೆ ಹಾಳಾದದ್ದು, ಕೆಲಸ ಬಿಟ್ಟದ್ದು. ಎಡೆಯಲ್ಲಿ ಚೇಟನ ಸುದ್ದಿ ಬರುತ್ತಿತ್ತು. ಸೇದುದಿಲ್ಲ ಅಂತ ಅವರು, ಸೇದ್ತಾರೆ ಅಂತ ಚೇಚಿ. ಬಾಯಲ್ಲಿ ಪೈಪು ಕಚ್ಚಿಕೊಂಡು ದಿನಾ ಹೊಗೆಮನೆಗೆ ಹೋಗ್ತಾರಂತೆ, ಶೀಟ್ ನೋಡಲು ಹೋಗುದು ಅಂತಾರಂತೆ, ಬರುವಾಗ ಮೈಯೆಲ್ಲ ಹೊಗೆ. ಒಮ್ಮೆ ಮೋಸ ಮಾಡಿದವನ ಮಾತು ಯಾರು ನಂಬ್ತಾರೆ? ಚೇಚಿ ಅವರ ಹತ್ತಿರ ಮಾತು ಕಡಿಮೆ ಮಾಡಿದ್ದರು. ಊಟ ಬಡಿಸುದು, ಮದ್ದು ಕೊಡುದು, ಅಷ್ಟೇ. ಇದು ಚೇಟನಿಗೆ ಸ್ಟೆಂಟಿಗಿಂತ ಹೆಚ್ಚು ನೋವಾಯ್ತು ಅಂತ ಅವರೇ ಫೋನಿನಲ್ಲಿ ಹೇಳಿದರು. ನೀನು ಬಾ ಮೋನು, ವರ್ಷದ ಮೇಣ ಉಂಟಲ್ಲ, ಬಂದು ನೀನೇ ಹೇಳು ಅಂದರು.

ಹೋದೆ. ಜೇನು ತೆಗೆದಾಗಿತ್ತು. ಜಗಲಿಯಲ್ಲಿ ಚಾಪೆ ಹಾಕಿ ಕೂತು ಪೈಪು ಕೈಗೆ ತೆಗೆದುಕೊಂಡೆ. ಚೇಟ ಎದುರಿನ ಕುರ್ಚಿಯಲ್ಲಿ, ಚೇಚಿ ಬಾಗಿಲಲ್ಲಿ ಚಾಯದ ತಟ್ಟೆ ಹಿಡಿದು. ಕೊಳವೆಯಲ್ಲಿ ಹಲ್ಲಿನ ಗುರುತು ಹೊಸತಾಗಿ ಬಿದ್ದಿತ್ತು, ಆಳಕ್ಕೆ. ಪೈಪಿನ ಹೊಟ್ಟೆಯ ಮೇಣ ಕೈ ತಾಗಿ ಸವೆದಿತ್ತು. ಅಂಚು ನೋಡಿದೆ. ಪೈಪು ಹೊತ್ತಿಸಿದರೆ ಮೊದಲು ಹೋಗುದು ಅಂಚಿನ ಮೇಣ, ಒಂದೇ ಸಲದ ಕಡ್ಡಿಗೆ ಕರಗಿ ಮಾಯ, ಅಲ್ಲಿ ಕಪ್ಪು ಕೂರ್ತದೆ. ನಾನು ಬೆರಳಿನಲ್ಲಿ ತೀಡಿದ ಮೇಣ ಅಲ್ಲಿ ಹಾಗೇ ಇತ್ತು. ಮೇಲೆ ಧೂಳು ಕೂತಿತ್ತು, ಅಷ್ಟೇ.

"ಚೇಚಿ, ಇದು ಬೆಂಕಿ ಕಾಣಲೇ ಇಲ್ಲ" ಅಂದೆ.

ಚೇಚಿ ಅಲ್ಲಾಡಲಿಲ್ಲ. "ಮಳೆಗೆ ಮೇಣ ಬಿಳಿಯಾಗ್ತದೆ ಅಂದವರು ನೀವಲ್ಲವಾ ಮೋನುಕ್ಕಾ" ಅಂದರು.

ತಪ್ಪು ಅವರದ್ದಲ್ಲ. ಅವರ ಮಾತಿಗೇ ಹೇಳಿದ ಸುಳ್ಳು, ಈಗ ನನ್ನ ನಿಜದ ಬೆಲೆ ತೆಗೆಯಿತು. ಎದ್ದು ಹೋಗಿ, ತಟ್ಟೆ ಇಳಿಸಿಕೊಂಡು, ಪೈಪನ್ನು ಅವರ ಕೈಯಲ್ಲಿಟ್ಟು, ಅಂಚನ್ನು ಉಗುರಿನಲ್ಲಿ ಕೆರೆದು ನೋಡಿ ಅಂದೆ. ಇಷ್ಟು ವರ್ಷದಲ್ಲಿ ಆ ಪೈಪನ್ನು ಅವರು ಕರವಸ್ತ್ರ ಇಲ್ಲದೆ ಮುಟ್ಟಿದ್ದು ನಾನು ನೋಡಿರಲಿಲ್ಲ. ಹೆಬ್ಬೆರಳಿನ ಉಗುರು ಹಾಕಿ ಕೆರೆದರು. ಹಳದಿ ಮೇಣ ಉಗುರಿನ ತುದಿಗೆ ಸಣ್ಣ ಸುರುಳಿಯಾಗಿ ಬಂತು. ಮೂಗಿನ ಹತ್ತಿರ ಹಿಡಿದರು. ಜೇನಿನ ವಾಸನೆ, ಬೇರೆ ಎಂತದೂ ಇಲ್ಲ. ಇನ್ನೊಂದು ಕಡೆ ಕೆರೆದರು. ಅಲ್ಲೂ ಮೇಣವೇ.

ಚೇಚಿ ಗಂಡನ ಕಡೆ ತಿರುಗಿ, ನೀವು ಹೇಳುವಾಗ ನಾನು ನಂಬಲಿಲ್ಲವಲ್ಲ ಅಂದರು.

"ನನಗೇ ನಂಬಿಕೆ ಇರಲಿಲ್ಲ ಏಲಿ, ದಿನಾ ಬೆಳಿಗ್ಗೆ" ಅಂದರು ಚೇಟ. "ನಿನಗೆ ಎಲ್ಲಿಂದ ಬರಬೇಕು?"

ಚೇಚಿ ಹೊಸ್ತಿಲಲ್ಲೇ ಕೂತು, ಪೈಪನ್ನು ಮಡಿಲಲ್ಲಿಟ್ಟು ಅತ್ತರು. ನನಗೂ ತಡೆಯಲಿಕ್ಕೆ ಆಗಲಿಲ್ಲ. ಒರೆಸುವ ಬಟ್ಟೆ ಹುಡುಕುವ ನೆಪ ಮಾಡಿ ಅಂಗಳಕ್ಕೆ ಇಳಿದೆ.